ಬೆಟ್ಟದ ಇಲಿ, ಹೊಲದ ಇಲಿ

ಯಾದಗಿರಿಯ ಕೋಟೆಬೆಟ್ಟವನ್ನು ರೈಲುಗಾಡಿಯಿಂದ ನೋಡಿದವರೂ, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ತೋರುವ ಗುಡ್ಡಸಾಲನ್ನು ಕಂಡವರೂ, ಸುರಪುರದ ಬಂಡೆಗಳ ನಡುವೆ ನಡೆದವರೂ ಒಂದು ಸಂಗತಿಯನ್ನು ಬಲ್ಲರು: ಅಲ್ಲಿ ಕಲ್ಲುಗುಡ್ಡಗಳು ಎರೆಭೂಮಿಯ ನಡುವೆ ದ್ವೀಪಗಳಂತೆ ನಿಂತಿರುವುವು. ಬಂಡೆಯ ಸಂದನ್ನು ಬಿಟ್ಟು ಬಾಳಲರಿಯದ ಸಣ್ಣ ಪ್ರಾಣಿಗೆ ಆ ಎರೆಯೇ ಸಮುದ್ರ.

ಇಂಥ ಪ್ರಾಣಿಯೊಂದು ನಮ್ಮ ನಾಡಿನಲ್ಲುಂಟು. 1912ರಲ್ಲಿ ರಾಟನ್ ಎಂಬ ವಿದ್ವಾಂಸರು ಕಚ್ಛದ ಕಲ್ಲಿಲಿಗೆ ಹೆಸರಿಟ್ಟರು. 1916ರಲ್ಲಿ ಆಲ್ಡ್‌ಫೀಲ್ಡ್ ಥಾಮಸರು ವಿಜಯನಗರದಲ್ಲಿ ಸಿಕ್ಕ ಅದರ ದಾಯಾದಿಯನ್ನು ಬೇರೆಯೆಂದೆಣಿಸಿ ‘ಆಸ್ಟ್ರೇಲಿಸ್’, ಎಂದರೆ ತೆಂಕಣದ್ದು, ಎಂದು ಕರೆದರು. ಈಗ ಅದನ್ನು ಕಚ್ಛದ ಇಲಿಯ ಉಪಜಾತಿಯೆಂದು ಗಣಿಸುವರು.

ಹೀಗೆ ಒಂಟಿಯಾದ ಕುಲಕ್ಕೆ ಏನಾಗುವುದು? ಸ್ಕಾಟ್ಲೆಂಡಿನ ಪಡುವಣ ಕಡಲಿನ ಸೇಂಟ್ ಕಿಲ್ಡಾ ದ್ವೀಪದಲ್ಲಿ ಎರಡು ಬಗೆಯ ಇಲಿಗಳಿದ್ದುವು. ಬಯಲಿನದು ತನ್ನ ಹೊರನಾಡಿನ ಬಂಧುವಿಗಿಂತ ಸುಮಾರು ಇಮ್ಮಡಿ ತೂಕಕ್ಕೆ ಬೆಳೆದಿತ್ತು. ಇನ್ನೊಂದು ಮನೆಯ ಇಲಿ. 1930ರ ಆಗಸ್ಟ್ 29ರಂದು ಉಳಿದಿದ್ದ 36 ಮಂದಿ ದ್ವೀಪವನ್ನು ಬಿಟ್ಟು ಹೊರಟರು. ಒಲೆಗಳಾರಿದ ಕೆಲವೇ ವರ್ಷಗಳಲ್ಲಿ ಮನೆಯ ಇಲಿಯು ನಿರ್ವಂಶವಾಯಿತು. ಬಯಲಿನದು ಇಂದಿಗೂ ಇದೆ. ನಾವು ಶಪಿಸುವ ಇಲಿ ನಮ್ಮನ್ನು ಎಷ್ಟು ನಂಬಿದೆ, ನೋಡಿ!

“ಜೋಳ ತಿನ್ನುವ ಇಲಿಗೆ ಇಷ್ಟೇಕೆ ಮರುಕ?” ಎಂದು ವಾಚಕರು ಕೇಳಬಹುದು. ನ್ಯಾಯವೇ. ಆದರೆ ಜೋಳ ತಿನ್ನುವುದು ಬೇರೆಯದು. 1824ರಲ್ಲಿ ಕಿತ್ತೂರಿನಲ್ಲಿ ಸೆರೆಸಿಕ್ಕಿದ್ದ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಮುಂದೆ ಧಾರವಾಡ ಸೀಮೆಯ ಪ್ರಾಣಿಗಳ ಪಟ್ಟಿಯೊಂದನ್ನು 1839ರಲ್ಲಿ ಪ್ರಕಟಿಸಿದನು. ಒಡ್ಡರು ‘ಮೆಟ್ಟಾಡೆ’ ಎನ್ನುತ್ತಿದ್ದ ಹೊಲದಿಲಿಯ ವೃತ್ತಾಂತ ಅದರಲ್ಲಿದೆ. ಲಂಡನ್ನಿನ ಗ್ರೇ ಸಾಹೇಬರ ಕೈಯಲ್ಲಿ ಆ ಹೆಸರು 1837ರಲ್ಲೇ ‘ಮೆಲ್ಟಾಡ’ ಆಗಿತ್ತು. ಶಾಸ್ತ್ರದಲ್ಲಿ ಆ ತಪ್ಪೇ ಸ್ಥಿರವಾಯಿತು. ಬೇಸಿಗೆಯಲ್ಲಿ ಬಾಯ್ಬಿಟ್ಟ ಎರೆಯ ಬಿರುಕೇ ಅದಕ್ಕೆ ಮನೆ. ಮುಂಗಾರಿನಲ್ಲಿ ಬಿರುಕು ಮುಚ್ಚಿಕೊಳ್ಳಲು ಅಸಂಖ್ಯ ಇಲಿಗಳು ಒಳಗೇ ಸಾಯುವುವು. 1826ರಲ್ಲಿ ಮೊದಲ ಮಳೆ ಸಾಲದೆ ಹೋಯಿತು. ರೈತನನ್ನು ಕೆಡಿಸಿದ ಆ ಬರಿಯ ಆಕಾಶವೇ ಇಲಿಯನ್ನು ಕಾಯಿತು. ಅವು ಬಿತ್ತಿದ ಬೀಜವನ್ನು ತಿಂದುವು. ತೆನೆಗಟ್ಟಿದ ಮೇಲೆ ದಂಟನ್ನೇರಿ ತೆನೆಯನ್ನೇ ಕತ್ತರಿಸಿದುವು. ರೈತರು ಕಂದಾಯ ಕಟ್ಟಲಾರದೆ ಹೋದರು. ಇಂತಿಷ್ಟು ಡಜನ್ ಇಲಿಗೆ ಒಂದು ಅಳತೆ ಧಾನ್ಯವೆಂದು ಗೊತ್ತುಮಾಡಿ ಒಡ್ಡರಿಂದ ಸಾವಿರಗಟ್ಟಲೆ ಕೊಲ್ಲಿಸಿದರೂ ಇಲಿಗಳು ತಗ್ಗಲಿಲ್ಲ.

ಶಹಾಪುರ, ಸುರಪುರಗಳ ಎಷ್ಟೋ ಎರೆಹೊಲಗಳಿಗೆ ಈಗ ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಹರಿಯುತ್ತದೆ. ಜೋಳದ ನೆಲದಲ್ಲಿ ಭತ್ತ ನಿಂತಿದೆ. ನೀರು ನಿಂತ ಗದ್ದೆ ಬಿರಿಯದು. ಕಲ್ಲಿಲಿಯ ಪಾಲಿಗಾದರೋ, ಗುಡ್ಡಗಳ ನಡುವಣ ಸಮುದ್ರದಲ್ಲಿ ನಿಜವಾಗಿಯೂ ನೀರು ತುಂಬಿದಂತಾಯಿತು. ರಜೆಯಲ್ಲಿ ಗುಡ್ಡ ಹತ್ತುವ ಮಕ್ಕಳು ಅದನ್ನು ಬಂಡೆಯ ಸಂದಿನಲ್ಲಿ ಹುಡುಕಲಿ, ಕಣಜದ ಬಳಿಯಲ್ಲಲ್ಲ, ಸಂಜೆಗತ್ತಲಲ್ಲಿ, ಸದ್ದಿಲ್ಲದೆ.