ಮೂರು ವರ್ಷಗಳ ಭಾನುವಾರ

147573952589676412927. ಎಣಿಸಿ ನೋಡಿ, 21 ಅಂಕಿಗಳಿವೆ. ಓದಲು ಹೊರಟರೆ ನಾಲಿಗೆ ತೊಡರುವ ಈ ಸಂಖ್ಯೆಯ ಹುಟ್ಟು ಮಾತ್ರ ಬಲು ಸರಳ. 67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ 1 ಕಳೆದರಾಯಿತು.

ಎರಡರ ಘಾತದಿಂದ 1 ಕಳೆದಾಗ ಬರುವ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂದು ಹೆಸರು. ಘಾತ 2 ಆದರೆ 3, ಘಾತ 3 ಆದರೆ 7, ಘಾತ 5 ಆದರೆ 31. ಇವೆಲ್ಲ ಅವಿಭಾಜ್ಯ ಸಂಖ್ಯೆಗಳು. ಹಾಗೆಂದು ಘಾತ ಅವಿಭಾಜ್ಯವಾದರೆ ಸಾಕು ಎಂದು ತೀರ್ಮಾನಿಸುವಂತಿಲ್ಲ. ಘಾತ 11 ಆದಾಗ ಬರುವ 2047 ಎಂಬುದು 23 ಮತ್ತು 89ರ ಗುಣಲಬ್ಧ.

ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ, ಯಾವ ಘಾತಗಳಿಗೆ ಅವಿಭಾಜ್ಯ ಸಂಖ್ಯೆ ಸಿಗುತ್ತದೆ ಎಂಬ ಪಟ್ಟಿಯನ್ನು ಪ್ರಕಟಿಸಿದ. ಅದರಲ್ಲಿ 67 ಕೂಡ ಇತ್ತು. ತಾಳೆ ನೋಡುವುದು ಯಾರಿಗೂ ಸುಲಭವಿರಲಿಲ್ಲ. 232 ವರ್ಷಗಳ ನಂತರ, 1876ರಲ್ಲಿ, ಫ್ರಾನ್ಸಿನವನೇ ಆದ ಎದ್ವಾರ್ ಲೂಕಾಸ್ ಇದು ತಪ್ಪೆಂದು ತೋರಿಸಿದ. ಸೋಜಿಗವೆಂದರೆ, ಈ ಸಂಖ್ಯೆಯ ಒಂದು ಅಪವರ್ತನವೂ ಅವನಿಗೆ ತಿಳಿದಿರಲಿಲ್ಲ!

ಅಪವರ್ತನ ಸಿಗದೆ ಇದು ಹೇಗೆ ಸಾಧ್ಯ? ಲೂಕಾಸನ ವಿಧಾನವನ್ನು ಮುಂದೆ ಅಮೆರಿಕದ ಲೆಹ್ಮರ್ ಸರಳಗೊಳಿಸಿದ. ಅದನ್ನು 31ರ ಮೇಲೆ ಪ್ರಯೋಗಿಸಬಹುದು. 4ರಿಂದ ಆರಂಭಿಸಿ. ವರ್ಗ ಮಾಡಿ 2 ಕಳೆಯಿರಿ: 14. ಮತ್ತೆ ಹಾಗೆಯೇ ಮಾಡಿದರೆ 194. ಅದನ್ನು 31ರಿಂದ ಭಾಗಿಸಿದರೆ ಶೇಷ 8. ಮತ್ತೊಮ್ಮೆ ಮಾಡಿದರೆ 62, ಶೇಷ ಸೊನ್ನೆ. ಘಾತಕ್ಕಿಂತ ಎರಡು ಕಡಿಮೆ, ಅಂದರೆ ಮೂರು ಸಲ ಮಾಡಿದಾಗ ಸೊನ್ನೆ ಬಂದದ್ದರಿಂದ 31 ಅವಿಭಾಜ್ಯ. ಸೊನ್ನೆ ಬಾರದಿದ್ದರೆ ಆ ಸಂಖ್ಯೆ ಅವಿಭಾಜ್ಯವಲ್ಲ. ಘಾತ 67 ಆದಾಗ ಇದೇ ಕೆಲಸವನ್ನು 65 ಸಲ ಮಾಡಬೇಕು. ಕೊನೆಗೆ ಸೊನ್ನೆ ಬರುವುದಿಲ್ಲ. ಸಂಖ್ಯೆ ಒಡೆಯುತ್ತದೆ ಎಂದು ಗೊತ್ತಾಯಿತು. ಎಲ್ಲಿ ಒಡೆಯುತ್ತದೆ ಎಂಬುದು ಗೊತ್ತಾಗಲಿಲ್ಲ.

ಅದಕ್ಕೆ ಇನ್ನೂ 27 ವರ್ಷ ಬೇಕಾಯಿತು. 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆ ನಡೆಯಿತು. ಫ್ರಾಂಕ್ ನೆಲ್ಸನ್ ಕೋಲ್ ಎಂಬ ಪ್ರಾಧ್ಯಾಪಕ ತನ್ನ ಸರದಿ ಬಂದಾಗ ಮೌನವಾಗಿ ಕಪ್ಪುಹಲಗೆಯತ್ತ ನಡೆದ. ಒಂದು ಕಡೆ ಎರಡರ 67ನೇ ಘಾತವನ್ನು ಲೆಕ್ಕ ಹಾಕಿ 1 ಕಳೆದ. ಇನ್ನೊಂದು ಕಡೆ 193707721 ಮತ್ತು 761838257287 ಇವನ್ನು ಗುಣಿಸಿದ. ಎರಡೂ ಉತ್ತರ ಒಂದೇ! ಒಂದು ಮಾತೂ ಆಡದೆ ಹೋಗಿ ಕುಳಿತ. ಸಭೆ ಚಪ್ಪಾಳೆ ತಟ್ಟಿತು. ಇದಕ್ಕೆ ಎಷ್ಟು ಕಾಲ ಹಿಡಿಯಿತು ಎಂದು ಕೇಳಿದಾಗ, ಮೂರು ವರ್ಷಗಳ ಭಾನುವಾರಗಳು ಎಂದನಂತೆ. ಈ ಪ್ರಸಂಗವನ್ನು ಬರೆದಿಟ್ಟವನು ಗಣಿತಜ್ಞ ಇ. ಟಿ. ಬೆಲ್.

ಕೋಲ್ ಕಣ್ಣುಮುಚ್ಚಿ ಹುಡುಕಲಿಲ್ಲ. ಈ ಸಂಖ್ಯೆಯ ಯಾವುದೇ ಅಪವರ್ತನವನ್ನು 134ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು ಎಂಬ ನಿಯಮವಿದೆ. ಇಂಥ ನಿಯಮಗಳಿಂದ ಹುಡುಕಬೇಕಾದ ಜಾಗ ಕಿರಿದಾಗುತ್ತದೆ. ಆದರೂ ಉಳಿಯುವ ಕೆಲಸ ಬೆಟ್ಟದಷ್ಟು.

ಗುಣಿಸುವುದು ಸುಲಭ, ಒಡೆಯುವುದು ಕಷ್ಟ. ಈ ವ್ಯತ್ಯಾಸವನ್ನೇ ನಂಬಿ 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ರಹಸ್ಯ ಸಂದೇಶ ಕಳುಹಿಸುವ ಒಂದು ಕ್ರಮವನ್ನು ರೂಪಿಸಿದರು. ಅದರ ಭದ್ರತೆ ನಿಂತಿರುವುದು ನೂರಾರು ಅಂಕಿಗಳ ಸಂಖ್ಯೆಯನ್ನು ಒಡೆಯುವ ಕಷ್ಟದ ಮೇಲೆ.

ಪೋಷಕರು ಮಕ್ಕಳೊಂದಿಗೆ ಕುಳಿತು ಕೋಲ್‌ನ ಲೆಕ್ಕವನ್ನು ಪರೀಕ್ಷಿಸಬಹುದು. ಮೊದಲ ಅಪವರ್ತನದ ಅಂಕಿಗಳ ಮೊತ್ತ 37. ಮತ್ತೆ ಕೂಡಿಸಿದರೆ 10, ಕೊನೆಗೆ 1. ಎರಡನೆಯದರ ಮೊತ್ತ 64. ಅದೂ ಕೊನೆಗೆ 1. ಒಂದನ್ನು ಒಂದರಿಂದ ಗುಣಿಸಿದರೆ 1. ದೊಡ್ಡ ಸಂಖ್ಯೆಯ ಮೊತ್ತ 109. ಅದೂ ಕೊನೆಗೆ 1. ತಾಳೆಯಾಯಿತು! ಆದರೆ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎನ್ನುವಂತಿಲ್ಲ. ಅಂಕಿಗಳು ಅದಲುಬದಲಾದರೂ ಮೊತ್ತ ಅಷ್ಟೇ ಇರುತ್ತದೆ. ಖಚಿತವಾಗಬೇಕಾದರೆ ಕೋಲ್ ಮಾಡಿದಂತೆ ಪೂರ್ತಿ ಗುಣಿಸಲೇಬೇಕು. ಒಂದು ಭಾನುವಾರದ ಬೆಳಗ್ಗೆ ಸಾಕು.