ಟ್ರ್ಯಾಕಿಗೆ ಯಾವ ಕಾರು?

ಪರ್ಫಾರ್ಮೆನ್ಸ್ ಡ್ರೈವಿಂಗ್ ಸ್ಕೂಲ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ಕಾರು ಶಾಲೆಯದು. ಕಲಿಯಲು ಬಂದವರು ಹೆಲ್ಮೆಟ್ ತೊಟ್ಟು ಕೂತರಾಯಿತು. ರೇಸಿನಲ್ಲಿ ತೀವ್ರವಾಗಿ ಗಾಯಗೊಂಡ ಅಮೆರಿಕದ ರೇಸ್ ಚಾಲಕ ಬಾಬ್ ಬಾಂಡುರಂಟ್ 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ ಶಾಲೆ ಈ ಬಗೆಗೆ ಹೆಸರಾಯಿತು. ಇನ್ನೊಂದರಲ್ಲಿ ಕಾರು ಕಲಿಯುವವರದ್ದೇ. ಅಮೆರಿಕದ ಬಿಎಂಡಬ್ಲ್ಯು, ಪೋರ್ಷೆ ಮಾಲೀಕರ ಕ್ಲಬ್ಬುಗಳು ದಶಕಗಳಿಂದ ಇಂಥ ಶಿಬಿರಗಳನ್ನು ನಡೆಸುತ್ತ ಬಂದಿವೆ. ಅಲ್ಲಿ ಹೊಸಬರ ಪಕ್ಕದ ಸೀಟಿನಲ್ಲಿ ಬೋಧಕರು ಕೂರುತ್ತಾರೆ, ಯಾರೂ ಸಮಯ ಅಳೆಯುವುದಿಲ್ಲ, ಮುಂದಿನವರು ಕಿಟಕಿಯಿಂದ ಕೈ ಚಾಚಿ ದಾರಿ ಬಿಟ್ಟ ಮೇಲೆಯೇ ಹಿಂದಿನವರು ಮುಂದೆ ಹೋಗಬೇಕು. ನಮ್ಮ ಕಡೆ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಬೆಂಗಳೂರಿನಿಂದ ಸ್ವಂತ ಕಾರಿನಲ್ಲೇ ಹೋಗುವವರಿದ್ದಾರೆ. ಹೊರಡುವ ಮುನ್ನ ಚರ್ಚೆ ನಡೆಯುವುದು ಹೆಚ್ಚಾಗಿ ಖರ್ಚಿನ ಬಗ್ಗೆ: ಟೈರು ಎಷ್ಟು ಸವೆಯುತ್ತದೆ, ಬ್ರೇಕ್ ಪ್ಯಾಡ್ ಉಳಿಯುತ್ತದೆಯೇ, ಗೀರು ಬಿದ್ದರೆ ಯಾರು ಕೊಡುತ್ತಾರೆ. ಇವು ಬೇಕಾದ ಪ್ರಶ್ನೆಗಳೇ. ಆದರೆ ಇವಕ್ಕಿಂತ ಮೊದಲು ಕೇಳಬೇಕಾದದ್ದೊಂದಿದೆ. ಭಾನುವಾರ ಟ್ರ್ಯಾಕಿನಲ್ಲಿ ಕಲಿತದ್ದು ಸೋಮವಾರ ರಸ್ತೆಯಲ್ಲಿ ಎದುರಾಗುವವರ ಜೀವಕ್ಕೆ ಒಳ್ಳೆಯದು ಮಾಡುತ್ತದೆಯೇ? ಸ್ವಂತ ಕಾರಿನಲ್ಲಿ ಕಲಿತರೆ ಮಾಡಬಲ್ಲದು ಎಂಬುದು ನನ್ನ ವಾದ. ಆದರೆ ಅಲ್ಲಿ ಕಲಿಸುವುದು ಆ ಕಾರಿನ ಮಿತಿಯನ್ನಾಗಿರಬೇಕು, ಓಡಿಸುವವರ ಪರಾಕ್ರಮವನ್ನಲ್ಲ.

ಈ ವಾದಕ್ಕೆ ಎದುರಾಗಿರುವ ಸಾಕ್ಷ್ಯ ಗಟ್ಟಿಯಾಗಿದೆ, ಅದನ್ನು ಮೊದಲು ನೋಡಬೇಕು. ನಾರ್ವೆ 1979ರಲ್ಲಿ ಹೊಸ ಚಾಲಕರಿಗೆಲ್ಲ ಜಾರುವ ರಸ್ತೆಯ ತರಬೇತಿಯನ್ನು ಕಡ್ಡಾಯ ಮಾಡಿತು. ಹಿಮ, ಮಂಜುಗಡ್ಡೆಯ ನಾಡು. ಜಾರಿದ ಕಾರನ್ನು ಹಿಡಿತಕ್ಕೆ ತರುವುದನ್ನು ಕಲಿಸಿದರೆ ಅಪಘಾತ ತಗ್ಗುತ್ತದೆಂಬ ಲೆಕ್ಕ ಸಹಜವಾಗಿಯೇ ಇತ್ತು. 1988ರಲ್ಲಿ ಹೊರಬಂದ ಅಧ್ಯಯನ ಹೇಳಿದ್ದು ಬೇರೆ: ತರುಣರಲ್ಲಿ ಜಾರುವ ರಸ್ತೆಯ ಅಪಘಾತಗಳು ತಗ್ಗುವ ಬದಲು ಹೆಚ್ಚಿದ್ದವು. ಅದಕ್ಕೂ ಮೊದಲು, 1974ರಲ್ಲಿ, ಅಮೆರಿಕದ ಇಬ್ಬರು ಸಂಶೋಧಕರು ರೇಸಿಂಗ್ ಲೈಸೆನ್ಸ್ ಉಳ್ಳವರ ದಿನನಿತ್ಯದ ಚಾಲನೆಯ ದಾಖಲೆಗಳನ್ನು ಸಾಮಾನ್ಯ ಚಾಲಕರ ದಾಖಲೆಗಳ ಜೊತೆಗಿಟ್ಟು ನೋಡಿದ್ದರು. ಅಪಘಾತದಲ್ಲೂ ನಿಯಮ ಮುರಿಯುವುದರಲ್ಲೂ ಮುಂದಿದ್ದವರು ರೇಸಿನವರೇ. ಕೈಚಳಕವೊಂದೇ ಕಾಯುವಂತಿದ್ದರೆ ಈ ಫಲಿತಾಂಶ ಬರಬಾರದಿತ್ತು. ಏಕೆ ಬಂತೆಂಬುದಕ್ಕೆ ಸುಳಿವು ಕೊಡುವುದು ಸ್ವೀಡನ್ನಿನ ಸಂಶೋಧಕ ಗ್ರೆಗರ್ಸೆನ್ 1996ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಎಳೆಯ ಚಾಲಕರ ಎರಡು ಗುಂಪು ಮಾಡಿದರು. ಬ್ರೇಕ್ ಹಾಕುವುದನ್ನು, ಅಡ್ಡಬಂದದ್ದನ್ನು ತಪ್ಪಿಸುವುದನ್ನು ಚೆನ್ನಾಗಿ ಮಾಡಲು ಒಂದು ಗುಂಪಿಗೆ ಕಲಿಸಿದರು. ಅದೇ ಸನ್ನಿವೇಶದಲ್ಲಿ ನಿಮ್ಮ ಹಿಡಿತ ಎಷ್ಟು ಅನಿಶ್ಚಿತ ಎಂಬುದನ್ನು ಇನ್ನೊಂದು ಗುಂಪಿಗೆ ಮನಗಾಣಿಸಿದರು. ಆಮೇಲೆ ಪರೀಕ್ಷಿಸಿದಾಗ ನಿಜವಾದ ಕೌಶಲದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲ ಗುಂಪು ತಾನು ಹೆಚ್ಚು ನುರಿತಿದ್ದೇನೆಂದು ನಂಬಿತ್ತು. ಕೌಶಲ ಬೆಳೆಯುವ ಮೊದಲೇ ಭರವಸೆ ಬೆಳೆದುಬಿಟ್ಟಿತ್ತು. ಆ ಭರವಸೆ ನಮ್ಮಲ್ಲಿ ಮೊದಲೇ ಬೇಕಾದಷ್ಟಿದೆ: ಓಲಾ ಸ್ವೆನ್ಸನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ನೂರಕ್ಕೆ 93 ಮಂದಿ, ಸ್ವೀಡನ್ನಿನ ನೂರಕ್ಕೆ 69 ಮಂದಿ ತಾವು ಚಾಲನಾ ಕೌಶಲದಲ್ಲಿ ಮೇಲಿನ ಅರ್ಧಕ್ಕೆ ಸೇರಿದವರೆಂದು ಹೇಳಿಕೊಂಡಿದ್ದರು.

ಇಷ್ಟನ್ನು ಓದಿ ಇಂಥ ಶಾಲೆಗಳೇ ಬೇಡವೆಂದು ತೀರ್ಮಾನಿಸಿದರೆ ಅವಸರವಾಗುತ್ತದೆ. ಸ್ವೀಡನ್ನಿನ ಪ್ರಯೋಗದಲ್ಲಿ ಎರಡು ಗುಂಪಿಗೂ ತರಬೇತಿ ಸಿಕ್ಕಿತ್ತು. ಪಾಠ ಬೇರೆಯಾಗಿತ್ತು, ಅಷ್ಟೇ. ಎರಡನೇ ಗುಂಪಿನ ಪಾಠಕ್ಕೆ ಸ್ವಂತ ಕಾರಿಗಿಂತ ಒಳ್ಳೆಯ ಸಾಧನವಿಲ್ಲ. ಬ್ರೇಕನ್ನೇ ನೋಡಿ. ತುರ್ತಿನಲ್ಲಿ ಹೆಚ್ಚಿನವರು ಪೆಡಲನ್ನು ಬೇಗ ಒತ್ತಿದರೂ ಸಾಕಷ್ಟು ಬಲವಾಗಿ ಒತ್ತುವುದಿಲ್ಲ ಎಂಬುದನ್ನು ಮರ್ಸಿಡಿಸ್ ಕಂಪನಿ 1990ರ ದಶಕದ ಆರಂಭದಲ್ಲೇ ಸಿಮ್ಯುಲೇಟರಿನಲ್ಲಿ ಕಂಡುಕೊಂಡಿತ್ತು. ತುರ್ತಿನಲ್ಲಿ ಆ ಕೊರತೆಯ ಬಲವನ್ನು ತಾನೇ ಸೇರಿಸುವ, 1996ರಲ್ಲಿ ಬಂದ ಬ್ರೇಕ್ ಅಸಿಸ್ಟ್ ಅದರ ಫಲ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ. ಆದರೆ ಅದು ಕೆಲಸ ಮಾಡುವಾಗ ಕಾಲಿನಡಿ ಏನಾಗುತ್ತದೆಂದು ಎಷ್ಟು ಮಂದಿಗೆ ಗೊತ್ತು? ಪೆಡಲು ಗಡಗಡ ಅದುರುತ್ತದೆ, ಅಂಗಾಲನ್ನು ಹಿಂದಕ್ಕೆ ನೂಕುತ್ತದೆ, ಮುಂಭಾಗದಿಂದ ಏನೋ ಮುರಿದಂಥ ಕರಕರ ಸದ್ದು ಬರುತ್ತದೆ. ತಿಳಿಯದವರು ಗಾಬರಿಬಿದ್ದು ಕಾಲು ತೆಗೆಯುತ್ತಾರೆ. ತೆಗೆಯಬಾರದ ಗಳಿಗೆ ಅದೇ. ಆ ಅದುರು ಒಂದೊಂದು ಕಾರಿನಲ್ಲಿ ಒಂದೊಂದು ಥರ. ಶಾಲೆಯ ಕಾರಿನಲ್ಲಿ ಪಳಗಿದ ಕಾಲು ಮನೆಯ ಕಾರಿನಲ್ಲಿ ಮತ್ತೆ ಹೊಸದಾಗಿ ಬೆಚ್ಚುತ್ತದೆ.

ವೇಗದ ವಿಷಯದಲ್ಲೂ ಹೀಗೇ. ಒಣ ಡಾಂಬರು, ಒಳ್ಳೆಯ ಟೈರು, ಕಂಡದ್ದಕ್ಕೆ ಕಾಲು ಓಗೊಡಲು ಒಂದು ಸೆಕೆಂಡು ಎಂದಿಟ್ಟುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದ ಕಾರು ಸುಮಾರು 53 ಮೀಟರಿನಲ್ಲಿ ನಿಲ್ಲುತ್ತದೆ. ಅದೇ ಜಾಗದಲ್ಲಿ ಅಡ್ಡಿಯನ್ನು ಕಂಡ 100ರ ವೇಗದ ಕಾರು, ಮೊದಲನೆಯದು ನಿಂತ ಗೆರೆಯನ್ನು ದಾಟುವಾಗ ಇನ್ನೂ 70ರ ಆಸುಪಾಸಿನಲ್ಲಿರುತ್ತದೆ. ಕಾಗದದ ಮೇಲೆ ಇದು ಶಾಲೆಯ ಭೌತಶಾಸ್ತ್ರದ ಲೆಕ್ಕ. ಅದೇ ಲೆಕ್ಕವನ್ನು ರಬ್ಬರ್ ಕೋನುಗಳನ್ನು ನಿಲ್ಲಿಸಿ, ಮಕ್ಕಳನ್ನು ಶಾಲೆಗೆ ಬಿಡುವ ಕಾರಿನಲ್ಲೇ ಮಾಡಿಸಿ, ಮೊದಲ ಸಲ ನಿಂತಲ್ಲಿ ಒಂದು ಕೋನಿಟ್ಟರೆ, ಎರಡನೇ ಸಲ, ಹೆಚ್ಚಿನ ವೇಗದಲ್ಲಿ, ಅದು ಬಾನೆಟ್ಟಿನಡಿ ನುಗ್ಗಾಗುತ್ತದೆ. ಕಾರು ಬೇರೆಯವರದಾದರೆ ದೂಷಿಸಲು ಆ ಕಾರಿದೆ. ಸ್ವಂತದ್ದಾದರೆ ಆ ದಾರಿಯಿಲ್ಲ.

ಸ್ವಂತ ಕಾರು ಕಲಿಸುವ ಇನ್ನೊಂದು ಪಾಠ ಬಿಸಿಯದು. ವೇಗ ಇಮ್ಮಡಿಯಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಅದೆಲ್ಲ ಶಾಖವಾಗಿ ಡಿಸ್ಕಿಗೆ, ಪ್ಯಾಡಿಗೆ, ಕೊನೆಗೆ ಬ್ರೇಕ್ ಆಯಿಲ್‌ಗೆ ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ತಾಳಬೇಕೆಂಬುದು ನಿಯಮ. ಅದು ಗಾಳಿಯ ತೇವ ಹೀರಿಕೊಂಡ ಮೇಲೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿ, ಆವಿ ಕುಗ್ಗುತ್ತದೆ, ಪೆಡಲು ಪೊಳ್ಳಾಗಿ ಕೆಳಗಿಳಿಯುತ್ತದೆ. ಶಾಲೆಯವರು ತಮ್ಮ ಕಾರಿಗೆ ಶಾಖ ತಾಳುವ ಪ್ಯಾಡು, ಹೊಸ ಆಯಿಲ್ ಹಾಕಿರುತ್ತಾರೆ; ಅದರಲ್ಲಿ ಈ ಸತ್ಯ ಕಾಣುವುದೇ ಇಲ್ಲ. ವರ್ಷಗಳಿಂದ ಆಯಿಲ್ ಬದಲಿಸದ ಮನೆಯ ಕಾರು ಕೆಲವೇ ಸುತ್ತಿನಲ್ಲಿ ಅದನ್ನು ಹೇಳಿಬಿಡುತ್ತದೆ. ಇದು ರೇಸಿಗರಿಗಷ್ಟೇ ಸಂಬಂಧಿಸಿದ್ದಲ್ಲ. ಐದು ಜನ, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಆಗುಂಬೆ, ಚಾರ್ಮಾಡಿ ಇಳಿಯುವಾಗ ಗೇರಿಳಿಸದೆ ಬ್ರೇಕಿನ ಮೇಲೇ ಕಾಲಿಟ್ಟವರ ಕಾರಿನಲ್ಲಿ ನಡೆಯುವುದೂ ಇದೇ ಕ್ರಿಯೆ. ಅದನ್ನು ಬದಿಯಲ್ಲಿ ಬಯಲಿರುವ ಟ್ರ್ಯಾಕಿನಲ್ಲಿ ಅರಿಯುವುದು ಪ್ರಪಾತದ ಬದಿಯಲ್ಲಿ ಅರಿಯುವುದಕ್ಕಿಂತ ಮೇಲು.

ಸ್ವಂತ ಕಾರಾದರೆ ಕೆಡುವ ಭಯದಲ್ಲಿ ಕೈ ಬಿಗಿಹಿಡಿದು ಓಡಿಸುತ್ತಾರೆ, ಪೂರ್ತಿ ಕಲಿಯುವುದಿಲ್ಲ ಎಂಬ ಆಕ್ಷೇಪವಿದೆ. ರೇಸಿಗೆ ಹೋಗುವವರ ಮಟ್ಟಿಗೆ ಇದು ಸರಿ, ಅವರು ಶಾಲೆಯ ಕಾರಿನಲ್ಲೇ ಕಲಿಯಲಿ. ರಸ್ತೆಗೆ ಮರಳುವವರಿಗೆ ಆ ಅಂಜಿಕೆ ಅಡ್ಡಿಯಲ್ಲ, ಪಾಠದ ಭಾಗ. ಇದಕ್ಕಿಂತ ತೂಕದ ಆಕ್ಷೇಪ ರಕ್ಷಣೆಯದು. ಮನೆಯ ಕಾರಿನಲ್ಲಿ ರೋಲ್ ಕೇಜ್ ಇಲ್ಲ, ರೇಸಿಂಗ್ ಬೆಲ್ಟ್ ಇಲ್ಲ. ನಮ್ಮ ಮೋಟಾರು ವಿಮೆಯ ಸಾಮಾನ್ಯ ಪಾಲಿಸಿಯಲ್ಲಿ ಸಂಘಟಿತ ರೇಸಿಂಗ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇವನ್ನು ವ್ಯಾಪ್ತಿಯಿಂದ ಹೊರಗಿಟ್ಟಿರುತ್ತಾರೆ. ಟ್ರ್ಯಾಕಿನ ಹಾನಿಗೆ ಕ್ಲೇಮು ಸಿಗುತ್ತದೆಂದು ಎಣಿಸುವಂತಿಲ್ಲ. ಸಾಲದ ಕಂತು ಇನ್ನೂ ಕಟ್ಟುತ್ತಿರುವವರು ಇದನ್ನು ಎರಡು ಸಲ ಯೋಚಿಸಬೇಕು. ಹಾಗಾಗಿ ಸ್ವಂತ ಕಾರಿಗೆ ತಕ್ಕದ್ದು ಸುತ್ತಿನ ಸಮಯ ಕಡಿಮೆ ಮಾಡುವ ಓಟವಲ್ಲ. ಬ್ರೇಕಿನ ಅಭ್ಯಾಸ, ತಿರುವಿನಲ್ಲಿ ದೃಷ್ಟಿ ಎಲ್ಲಿರಬೇಕೆಂಬುದು, ನೀರು ಹಾಯಿಸಿದ ಅಂಗಳದಲ್ಲಿ ಕಡಿಮೆ ವೇಗದ ಜಾರಾಟ, ಇವಿಷ್ಟು ಸಾಕು. ಗಡಿಯಾರ ಹಿಡಿದು ನಿಂತ ಶಾಲೆಗೆ ಸ್ವಂತ ಕಾರು ಒಯ್ಯಬಾರದು.

ಆಟೋ, ದನ, ಹಂಪು, ಎದುರು ದಿಕ್ಕಿನಿಂದ ಬರುವ ಬೈಕುಗಳಿರುವ ನಮ್ಮ ರಸ್ತೆಗೆ ಇದೆಲ್ಲ ಉಳ್ಳವರ ಹವ್ಯಾಸವಲ್ಲವೇ ಎನ್ನುವವರಿಗೆ ಒಂದು ಲೆಕ್ಕ ತೋರಿಸಬೇಕು. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರದವರು, 19ಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಸಾವುಗಳಲ್ಲಿ ನೂರಕ್ಕೆ 71ರಷ್ಟಕ್ಕೆ ದಾಖಲಾದ ಕಾರಣ ಅತಿವೇಗ. ಸಾಯುವವರಲ್ಲಿ ಹೆಚ್ಚಿನವರಿಗೆ ಸುತ್ತ ತಗಡೂ ಇಲ್ಲ, ಏರ್‌ಬ್ಯಾಗೂ ಇಲ್ಲ. ಹೀಗಿರುವಾಗ ಒಂದೂವರೆ ಟನ್ ತೂಕದ ಕಾರಿನ ಮಿತಿಯನ್ನು ಅರಿಯುವ ಹೊಣೆ ಅದರೊಳಗೆ ಕೂತವರದ್ದೇ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಸ್ತೆಗಳು ಬಂದ ಮೇಲಂತೂ, ನಿನ್ನೆಯವರೆಗೆ 60ರಲ್ಲಿ ಹೋಗುತ್ತಿದ್ದವರು ಯಾವ ಅಭ್ಯಾಸವೂ ಇಲ್ಲದೆ ಇವತ್ತು 100ರಲ್ಲಿ ಹೋಗುತ್ತಿದ್ದಾರೆ.

ನಮ್ಮ ಲೈಸೆನ್ಸ್ ಪರೀಕ್ಷೆ ಈ ಕೊರತೆಯನ್ನು ತುಂಬುವುದಿಲ್ಲ. ತುರ್ತಾಗಿ ನಿಲ್ಲಿಸಲು ಬರಬೇಕೆಂದು ನಿಯಮ ಹೇಳುತ್ತದೆ, ನಿಜ. ಆದರೆ ಎಂಟರ ಆಕಾರ, ಹೆಚ್ ಆಕಾರದ ಹಾದಿಯಲ್ಲಿ ಎಬಿಎಸ್ ಎಚ್ಚರಗೊಳ್ಳುವ ವೇಗವನ್ನು ಯಾರೂ ಮುಟ್ಟುವುದಿಲ್ಲ. ಆ ಪರೀಕ್ಷಾ ಅಂಗಳಗಳ ಪಕ್ಕ ನೂರೈವತ್ತು ಮೀಟರ್ ನೇರ ಡಾಂಬರು ಹಾಕಿ, ಅಭ್ಯರ್ಥಿ ತಾನು ನಾಳೆ ಓಡಿಸಲಿರುವ ಕಾರಿನಲ್ಲೇ 60ಕ್ಕೆ ಏರಿ ಪೂರ್ತಿ ಬ್ರೇಕ್ ಒತ್ತಿ ತೋರಿಸಬೇಕೆಂದು ಕಡ್ಡಾಯ ಮಾಡಲು ದೊಡ್ಡ ಹಣವೇನೂ ಬೇಡ. ಅದು ಆಗುವವರೆಗೆ ಈ ಪಾಠ ಸಿಗುವುದು ಶುಲ್ಕ ಕಟ್ಟಬಲ್ಲ ಕೆಲವರಿಗೆ ಮಾತ್ರ, ಅದೂ ಹೊಸೂರು ದಾಟಿ ತಮಿಳುನಾಡಿಗೆ ಹೋದರೆ.