ದೂರದ ಪುಳ್ಳಿಯ ಹತ್ತರೆ ನಮ್ಮ ಭಾಷೆಲೇ ಮಾತಾಡಿ

ಊರಿಲಿಪ್ಪ ಅಜ್ಜಿಯಕ್ಕೊ, ಅತ್ತೆಯಕ್ಕೊ, ಚಿಕ್ಕಮ್ಮಂದಿರು, ನೆರೆಕರೆಯ ಅಕ್ಕಂದಿರು, ನಿಂಗೊ ಎಲ್ಲೋರ ಹತ್ತರೂ ಒಂದು ಮಾತು ಹೇಳ್ಲಿದ್ದು. ಪರದೇಶಲ್ಲಿಪ್ಪ ಪುಳ್ಳಿಯ ಮೋರೆ ಫೋನಿಲಿ ಕಂಡಪ್ಪದ್ದೇ ನಿಂಗಳಲ್ಲಿ ಸುಮಾರು ಜನರ ಭಾಷೆ ಬದಲಾವ್ತು. "ಹಲೋ ಪುಟ್ಟಾ, ಹೌ ಆರ್ ಯೂ? ವಾಟ್ ಡಿಡ್ ಯೂ ಈಟ್?" ಹೇಳಿ ಸುರು ಆವ್ತು. ಹಟ್ಟಿಯ ದನದ ಹತ್ತರೆ, ಅಡಿಗೆಕೋಣೆಯ ಪುಚ್ಚೆಯ ಹತ್ತರೆ ನಮ್ಮ ಭಾಷೆಲೇ ಮಾತಾಡುವ ಅಜ್ಜಿಗೆ ಸ್ವಂತ ಪುಳ್ಳಿಯ ಹತ್ತರೆ ಮಾತ್ರ ಇಂಗ್ಲೀಷು ಎಂತಕೆ? ಇಂಗ್ಲೀಷು ಬಾರದ್ದವು "ಊಟ ಆಯಿತಾ? ಏನು ತಿಂದೆ?" ಹೇಳಿ ಪುಸ್ತಕದ ಕನ್ನಡ ಮಾತಾಡ್ತವು. ಎರಡೂ ಪ್ರೀತಿಂದಲೇ ಮಾಡುದು, ಮಗುವಿಂಗೆ ಅರ್ಥ ಆಗಲಿ ಹೇಳಿಯೇ ಮಾಡುದು. ಆದರೆ ಅದರಿಂದ ಮಗುವಿಂಗೂ ನಷ್ಟ, ಅಜ್ಜಿಗೂ ನಷ್ಟ ಹೇಳಿ ಎನ್ನ ಅಭಿಪ್ರಾಯ. ಎಂತಕೆ ಹೇಳಿ ರಜ್ಜ ಬಿಡ್ಸಿ ಹೇಳ್ತೆ.

ಎಂಗೊ ಇಪ್ಪದು ಜರ್ಮನಿಯ ಮ್ಯೂನಿಕ್‌ಲಿ. ಕೂಸಿಂಗೆ ಎರಡೂವರೆ ವರ್ಷ. ಪರದೇಶ ಹೇಳಿರೆ ಇಂಗ್ಲೀಷು ಹೇಳಿ ಊರಿಲಿ ಹೆಚ್ಚಿನವು ಗ್ರೇಶುತ್ತವು. ಇಲ್ಲಿ ಹಾಂಗಿಲ್ಲೆ. ಅಂಗಡಿಲಿ, ಬಸ್ಸಿಲಿ, ಆಟದ ಜಾಗೆಲಿ, ಮಕ್ಕಳ ಡಾಕ್ಟ್ರ ಹತ್ತರೆ ಎಲ್ಲ ಜರ್ಮನ್. ಮನೆಲಿ ನಮ್ಮ ಭಾಷೆ. ಹಾಂಗಾಗಿ ಎಂಗಳ ಕೂಸಿಂಗೆ ಇಂಗ್ಲೀಷು ಗೊಂತೇ ಇಲ್ಲೆ! "ವಾಟ್ ಡಿಡ್ ಯೂ ಈಟ್" ಹೇಳಿ ಕೇಳಿರೆ ಅದು ಎನ್ನ ಮೋರೆ ನೋಡ್ತು. "ಎಂತ ತಿಂದೆ?" ಹೇಳಿ ಕೇಳಿರೆ "ತೆಳ್ಳವು" ಹೇಳಿ ಕೂಡ್ಲೆ ಉತ್ತರ ಬತ್ತು. ಅಜ್ಜಿಗೂ ಪುಳ್ಳಿಗೂ ಎರಡು ಜನಕ್ಕೂ ಬಪ್ಪ ಭಾಷೆ ಒಂದಿದ್ದು. ಅದರ ಬಿಟ್ಟಿಕ್ಕಿ ಇಬ್ರಿಂಗೂ ಸರಿಯಾಗಿ ಬಾರದ್ದ ಭಾಷೆಲಿ ಮಾತಾಡುದು ಎಂತ ಲೆಕ್ಕ?

ಇಲ್ಯಾಣ ದಿನ ಹೇಂಗಿರ್ತು ಹೇಳಿ ಹೇಳಿರೆ ನಿಂಗೊಗೆ ಅಂದಾಜಿ ಅಕ್ಕು. ಸಣ್ಣ ಮಕ್ಕಳ ನೋಡಿಗೊಂಬ ಜಾಗೆಗೆ ಇಲ್ಲಿ ಕೀಟಾ ಹೇಳುದು. ನೆಗೆ ಮಾಡೆಡಿ, ನಮ್ಮ ಕೀಟ ಅಲ್ಲ! ಒಂದು ವರ್ಷ ತುಂಬಿದ ಮಗುವಿಂಗೆ ಅಂತಾ ಒಂದು ಜಾಗೆ ಸಿಕ್ಕೆಕ್ಕು ಹೇಳಿ 2013ರ ಆಗಸ್ಟ್ 1ರಿಂದ ಕಾನೂನೇ ಇದ್ದು. ಸೇರ್ಸಿದ ದಿನವೇ ಬಿಟ್ಟಿಕ್ಕಿ ಬಪ್ಪ ಕ್ರಮ ಇಲ್ಲೆ. ಸುರುವಿಂಗೆ ಅಬ್ಬೆಯೋ ಅಪ್ಪನೋ ಒಟ್ಟಿಂಗೆ ಕೂರೆಕ್ಕು. ಮತ್ತೆ ರಜ್ಜ ಹೊತ್ತು ಹೆರ ಹೋಗಿ ಬಪ್ಪದು, ಮತ್ತೆ ಅರ್ಧ ಗಂಟೆ, ಹೀಂಗೆ ಮಗುವಿಂಗೆ ಅಲ್ಯಾಣ ಟೀಚರಿನ ಮೇಲೆ ಧೈರ್ಯ ಬಪ್ಪನ್ನಾರ. ಇದಕ್ಕೆ ವಾರಗಟ್ಲೆ ಬೇಕಾವ್ತು. ಮಳೆ ಬಂದರೂ ಮಕ್ಕಳ ಹೆರ ಕರಕ್ಕೊಂಡು ಹೋವ್ತವು. ನೀರು ಒಳ ಇಳಿಯದ್ದ ಪ್ಯಾಂಟು, ಬೂಟ್ಸು ಹಾಕಿ ಕೆಸರಿಲಿ ಆಡ್ಲೆ ಬಿಡ್ತವು. ಊರಿಲಿ ಆದರೆ "ಶೀತ ಅಕ್ಕನ್ನೇ!" ಹೇಳುಗು. ಕೂಸಿಂಗೆ ಮಾತ್ರ ಬಾರೀ ಕೊಶಿ. ಇಲ್ಯಾಣ ಕ್ರಮದ ಬಗ್ಗೆ ಎನಗೆ ದೂರಿಲ್ಲೆ, ಜರ್ಮನ್ ಕಲಿವದರ ಬಗ್ಗೆಯೂ ಇಲ್ಲೆ. ಇಲ್ಲಿ ಬೆಳವ ಮಗುವಿಂಗೆ ಅದು ಬೇಕೇ ಬೇಕು, ಬತ್ತು ಕೂಡ.

ಆದರೆ ಲೆಕ್ಕ ಮಾಡಿ ನೋಡಿ. ಉದಿಯಪ್ಪಗ ಎಂಟೂವರೆಂದ ಮೂರೂವರೆ ವರೆಗೆ ಕೂಸು ಅಲ್ಲಿ. ಎಚ್ಚರ ಇಪ್ಪ ಹೊತ್ತಿಲಿ ಅರ್ಧಕ್ಕರ್ಧ ಜರ್ಮನಿಂಗೆ ಹೋತು. ಒಳುದ ಅರ್ಧಲ್ಲಿ ನಮ್ಮ ಭಾಷೆ ಮಾತಾಡುವ ಬಾಯಿ ಎಷ್ಟು? ಎರಡು. ಅದರಲ್ಲಿಯೂ ಒಂದು ಬಾಯಿ ಆಫೀಸಿಂದ ಬಪ್ಪಗ ಹೊತ್ತೋಪಗ ಆರು ಗಂಟೆ ಕಳಿತ್ತು. ಊರಿಲಿ ಹಾಂಗಲ್ಲ. ಅಜ್ಜ, ಅಜ್ಜಿ, ಅಪ್ಪಚ್ಚಿ, ಅತ್ತೆ, ಹಾಲು ತಪ್ಪಲೆ ಬಪ್ಪ ನೆರೆಕರೆಯ ಮಕ್ಕೊ ಹೇಳಿ ಹತ್ತು ಬಾಯಿ ಇರ್ತು. ಅಬ್ಬೆ ಇಡೀ ದಿನ ಬಾಯಿ ಮುಚ್ಚಿ ಕೂದರೂ ಮಗುವಿಂಗೆ ಮಾತು ಬತ್ತು. ಇಲ್ಲಿ ಒಂದೊಂದು ಬಾಯಿಗೂ ಬೆಲೆ ಇದ್ದು. ಎಂಗೊಗೆ ನಿಂಗಳೇ ಮೂರನೇ ಬಾಯಿ, ನಾಲ್ಕನೇ ಬಾಯಿ. ಆ ಬಾಯಿಯೂ ಇಂಗ್ಲೀಷಿಂಗೆ ತಿರುಗಿರೆ ಒಳುದ್ದು ಎಂತರ?

"ಎರಡೆರಡು ಭಾಷೆ ಆದರೆ ಮಗು ಗಲಿಬಿಲಿ ಆಗದೋ?" ಹೇಳಿ ಕೇಳುವವು ಇದ್ದವು. ನಮ್ಮ ಊರನ್ನೇ ನೋಡಿ. ಮನೆಲಿ ನಮ್ಮ ಭಾಷೆ, ತೋಟದ ಕೆಲಸಕ್ಕೆ ಬಪ್ಪವರ ಹತ್ತರೆ ತುಳು, ಶಾಲೆಲಿ ಪುಸ್ತಕದ ಕನ್ನಡ, ಕಾಸರಗೋಡಿನ ಹೊಡೆಲಿ ಮಲಯಾಳವೂ ಸೇರ್ತು. ಎಷ್ಟೋ ತಲೆಮಾರಿಂದ ನಮ್ಮ ಮಕ್ಕೊ ಹೀಂಗೇ ಬೆಳದ್ದವು. ಆರಿಂಗೂ ಗಲಿಬಿಲಿ ಆಯಿದಿಲ್ಲೆ. ತುಳುವಿಂಗೆ ಹೆದರದ್ದ ನಾವು ಜರ್ಮನಿಂಗೆ ಎಂತಕೆ ಹೆದರೆಕ್ಕು?

ಇಲ್ಲಿ ಪ್ರತಿ ಮಗುವಿಂಗೂ ಒಂದು ಹಳದಿ ಪುಸ್ತಕ ಇರ್ತು. ಹುಟ್ಟಿದಲ್ಲಿಂದ ಆಯಾಯ ಪ್ರಾಯಲ್ಲಿ ಮಾಡುವ ತಪಾಸಣೆ ಎಲ್ಲ ಅದರಲ್ಲಿ ಬರೆತ್ತವು. 21ರಿಂದ 24 ತಿಂಗಳ ಒಳ ಯು7 ಹೇಳ್ತ ತಪಾಸಣೆ. ಮಗು ಎಷ್ಟು ಶಬ್ದ ಹೇಳ್ತು ಹೇಳಿ ಅಂಬಗ ಕೇಳ್ತವು. ಎರಡು ವರ್ಷಕ್ಕೆ ಸುಮಾರು 50 ಶಬ್ದ ಹೇಳುದು ಒಂದು ಅಂದಾಜಿ. ಎರಡು ಭಾಷೆಯ ಮಗು ಆದರೆ ಎರಡನ್ನೂ ಕೂಡ್ಸಿ ಲೆಕ್ಕ ಮಾಡೆಕ್ಕು. "ಆಸರು" ಒಂದು, "ಬಾಲ್" ಒಂದು. ಕೂಡ್ಸಿರೂ ತೀರಾ ಕಮ್ಮಿ ಇದ್ದರೆ, ಅಥವಾ ಕರದಪ್ಪಗ ಮಗು ತಿರುಗಿ ನೋಡದ್ರೆ ಡಾಕ್ಟ್ರ ಕಂಡು ಕೆಮಿ ಪರೀಕ್ಷೆ ಮಾಡ್ಸೆಕ್ಕು. ಅದರ ಬಿಟ್ಟು "ಮನೆಭಾಷೆ ನಿಲ್ಸಿ, ಮಾತು ಬಕ್ಕು" ಹೇಳುದು ಮದ್ದಲ್ಲ.

ಈಗ ಕೂಸು ಮಾತು ಬೆರ್ಸುತ್ತು. "ಮಿಲ್ಶ್ ಬೇಕು" ಹೇಳ್ತು. ಜಾರುಬಂಡಿಲಿ ಒಂದರಿ ಇಳುದಿಕ್ಕಿ "ನೊಖ್‌ಮಾಲ್ ಹೋಪ°" ಹೇಳ್ತು. ನೊಖ್‌ಮಾಲ್ ಹೇಳಿರೆ ಇನ್ನೊಂದರಿ. ಇದರ ಕೇಳಿ ನೆಗೆ ಮಾಡ್ಲಕ್ಕು, ಬೈವಲಾಗ. ನಾವು "ಬಸ್ಸು ಮಿಸ್ಸಾತು" ಹೇಳ್ತಿಲ್ಲೆಯೋ? ಕೂಸು "ವಾಸರ್" ಹೇಳಿರೆ "ಹಾಂಗೆ ಹೇಳ್ಲಾಗ" ಹೇಳಿ ತಿದ್ದೆಡಿ. "ಆಸರಾವ್ತೋ? ನೀರು ಬೇಕೋ?" ಹೇಳಿ ಕೇಳಿ. ಅಷ್ಟು ಸಾಕು. ಶಬ್ದ ಕೆಮಿಗೆ ಬಿದ್ದತ್ತು, ಕೂಸಿಂಗೆ ಅವಮಾನವೂ ಆತಿಲ್ಲೆ.

ಇನ್ನು ಪುಸ್ತಕದ ಕನ್ನಡದ ವಿಷಯ. ಅದರ ಕಲಿವಲಾಗ ಹೇಳಿ ಅಲ್ಲ. ಅದಕ್ಕೆ ಪುಸ್ತಕ ಇದ್ದು, ಪರದೇಶದ ಸುಮಾರು ಊರಿಲಿ ಕನ್ನಡ ಸಂಘದವು ವಾರದ ಕಡೇಲಿ ಮಕ್ಕೊಗೆ ಕ್ಲಾಸು ಮಾಡ್ತವು. ರಜ್ಜ ದೊಡ್ಡ ಆದ ಮೇಲೆ ಕಲಿವಲಕ್ಕು. ಆದರೆ ನಮ್ಮ ಮನೆಭಾಷೆಗೆ ಕ್ಲಾಸು ಎಲ್ಲಿದ್ದು? ಬೆಶಿ, ಹಶು, ಆಸರು, ಒರಕ್ಕು, ಕಸ್ತಲೆ, ಎಡಿತ್ತಿಲ್ಲೆ, ಅಪ್ಪು. ಎರಡು ವರ್ಷದ ಮಗುವಿಂಗೆ ದಿನಕ್ಕೆ ಇಪ್ಪತ್ತು ಸರ್ತಿ ಬೇಕಪ್ಪದು ಈ ಶಬ್ದಂಗೊ. ಅಬ್ಬೆ "ಬೆಶಿ" ಹೇಳಿ, ಅಜ್ಜಿ "ಬಿಸಿ" ಹೇಳಿರೆ ಮಗುವಿಂಗೆ ನಮ್ಮದು ಅಬ್ಬೆ ಒಂದರ ಭಾಷೆ ಹೇಳಿ ಕಾಂಗು. ಒಬ್ಬನೇ ಮಾತಾಡುವ ಭಾಷೆಯ ಮಗು ಬೇಗ ಬಿಡ್ತು. ಅಜ್ಜಿಯೂ ಅತ್ತೆಯೂ ಅದನ್ನೇ ಮಾತಾಡಿರೆ ಅದು ಒಂದು ಊರಿನ ಭಾಷೆ ಹೇಳಿ ಗೊಂತಾವ್ತು.

"ಫೋನಿಲಿ ಮಾತಾಡಿರೆ ಎಂತ ಕಲಿಗು, ಸಣ್ಣ ಮಕ್ಕೊಗೆ ಪರದೆ ತೋರ್ಸುಲಾಗಡ" ಹೇಳುವವೂ ಇದ್ದವು. ಅಪ್ಪು, ಸುಮ್ಮನೆ ವೀಡಿಯೊ ಹಾಕಿ ಕೂರ್ಸುಲಾಗ. ಆದರೆ ಅಮೇರಿಕದ ಮಕ್ಕಳ ಡಾಕ್ಟ್ರಕ್ಕಳ ಸಂಘ 2016ರಲ್ಲಿ ಕೊಟ್ಟ ಸಲಹೆಲಿ, ಒಂದೂವರೆ ವರ್ಷಂದ ಸಣ್ಣ ಮಕ್ಕೊಗೆ ಪರದೆ ಬೇಡ ಹೇಳುವಗಳೂ ವೀಡಿಯೊ ಕರೆಯ ಮಾತ್ರ ಬಿಟ್ಟಿದವು. 2014ರಲ್ಲಿ ಪ್ರಕಟ ಆದ ಒಂದು ಅಮೇರಿಕದ ಅಧ್ಯಯನಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕೊಗೆ ಹೊಸ ಶಬ್ದ ಕಲ್ಶಿ ನೋಡಿದವು. ಎದುರು ಕೂದು ಹೇಳಿಕೊಟ್ಟಪ್ಪಗಳೂ ಕಲ್ತವು, ವೀಡಿಯೊ ಕರೆಲಿ ಹೇಳಿಕೊಟ್ಟಪ್ಪಗಳೂ ಕಲ್ತವು. ಮದಲೇ ತೆಗದು ಮಡುಗಿದ ವೀಡಿಯೊ ತೋರ್ಸಿಯಪ್ಪಗ ಕಲ್ತವಿಲ್ಲೆ. ಎಂತಕೆ ಹೇಳಿರೆ ವೀಡಿಯೊದ ಜನ ಉತ್ತರ ಕೊಡ್ತವಿಲ್ಲೆ, ಅಜ್ಜಿ ಕೊಡ್ತು. ಮಗು ಪೆಟ್ಟು ಮಾಡಿಗೊಂಡ ಬೆರಳು ತೋರ್ಸಿರೆ "ಅಯ್ಯೋ ಮಗಳೇ, ಬೇನೆ ಆವ್ತೋ?" ಹೇಳಿ ಕೇಳ್ಲೆ ಅಜ್ಜಿಯೇ ಆಯೆಕ್ಕು. ಯೂಟ್ಯೂಬಿನ ಶಿಶುಗೀತೆಗೆ ಅದು ಎಡಿಯ.

ಆದರೆ ಫೋನಿಲಿ ನಾವು ಮಾಡುದು ಎಂತರ? ಪರೀಕ್ಷೆ. "ಒಂದು ಎರಡು ಹೇಳು, ಪದ್ಯ ಹೇಳು, ನಮಸ್ಕಾರ ಮಾಡು, ಆನು ಆರು ಹೇಳು ನೋಡುವ°." ಎರಡು ವರ್ಷದ ಮಗು ಪರೀಕ್ಷೆಗೆ ಕೂರ್ತೋ? ಓಡ್ತು. ಅಷ್ಟಪ್ಪಗ ಇತ್ಲಾಗಿ ಅಬ್ಬೆ ಹಿಂದಂದ ಫೋನು ಹಿಡ್ಕೊಂಡು ಓಡುದು, ಅತ್ಲಾಗಿ ಅಜ್ಜಿಗೆ "ಪುಳ್ಳಿಗೆ ಎನ್ನ ಗುರ್ತವೇ ಇಲ್ಲೆ" ಹೇಳಿ ಬೇಜಾರು. ಗುರ್ತ ಇಲ್ಲದ್ದಲ್ಲ. ಊರಿಲಿ ಅಜ್ಜಿಯ ಹತ್ತರೆ ಬೆಳವ ಮಗು ದಿನಕ್ಕೆ ಎಷ್ಟು ಸರ್ತಿ ಅಜ್ಜಿಯ ಎದುರು ನಿಂದು ಪದ್ಯ ಹೇಳ್ತು? ಅಜ್ಜಿ ಅದರ ಪಾಡಿಂಗೆ ಕೆಲಸ ಮಾಡ್ತು, ಮಗು ಅದರ ಪಾಡಿಂಗೆ ಆಡ್ತು, ಎಡೆಲಿ ನಾಲ್ಕು ಮಾತು. ಫೋನಿಲಿಯೂ ಅದನ್ನೇ ಮಾಡುವ° ಹೇಳಿ ಎನ್ನ ಮಾತು.

ಅದಕ್ಕೆ ಹೊತ್ತೂ ಕೂಡಿ ಬತ್ತು. ಇಲ್ಲಿಗೂ ಊರಿಂಗೂ ಬೇಸಗೆಲಿ ಮೂರೂವರೆ ಗಂಟೆ, ಚಳಿಗಾಲಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಕೂಸು ಉಂಡು ಮುಗುಶುವಗ ಇಲ್ಲಿ ಹೊತ್ತೋಪಗ ಆರೂವರೆ. ಚಳಿಗಾಲಲ್ಲಿ ಅಂಬಗ ಊರಿಲಿ ಇರುಳು ಹನ್ನೊಂದು, ಅಜ್ಜಿಗೆ ಒರಕ್ಕು. ಉದಿಯಪ್ಪಗ ಏಳು ಗಂಟೆಗೆ ಕೂಸು ತಿಂಡಿಗೆ ಕೂಪಗ ಊರಿಲಿ ಬೇಸಗೆಲಿ ಹತ್ತೂವರೆ, ಚಳಿಗಾಲಲ್ಲಿ ಹನ್ನೊಂದೂವರೆ. ಸರೀ ಬಾಗ ಕೊರವ ಹೊತ್ತು! ಫೋನಿನ ಒಂದು ಡಬ್ಬಿಗೆ ಎರಗ್ಸಿ ಮಡುಗಿ. ಮೆಟ್ಟುಕತ್ತಿ ಎದುರು ಕೂದು ಕೊರಕ್ಕೊಂಡೇ ಮಾತಾಡಿ. "ಇದಾ, ಅಲತ್ತಂಡೆ. ಉದ್ದ ಇದ್ದಲ್ಲದೋ? ಇದರ ಒಳ ಹುಳು ಇದ್ದು, ಛೀ, ಇಡ್ಕುವ°." ಹುಳುವಿನಷ್ಟು ರುಚಿಯ ವಿಷಯ ಎರಡು ವರ್ಷದ ಮಕ್ಕೊಗೆ ಬೇರೆ ಇಲ್ಲೆ. ಕಾಯಿ ಕೆರವದರ ತೋರ್ಸಿ, ಮಜ್ಜಿಗೆ ಕಡವದರ ತೋರ್ಸಿ, ಹಟ್ಟಿಗೆ ಹೋಪಗ ಕಂಜಿಯ ತೋರ್ಸಿ. ಎಂತಾರು ಕೇಳಿರೆ ರಜ್ಜ ಕಾದು ಕೂರಿ, ಮಗುವಿಂಗೆ ಉತ್ತರ ಹುಡ್ಕುಲೆ ಹೊತ್ತು ಬೇಕಾವ್ತು. ಎಡೆಲಿ ಮಗು ಎದ್ದು ಹೋದರೆ ಹೋಗಲಿ. ನಿಂಗೊ ಕೊರಕ್ಕೊಂಡಿರಿ, ಅದು ತಿರುಗಿ ಬತ್ತು. ಹತ್ತು ನಿಮಿಷ ಸಾಕು, ಆದರೆ ಆದಷ್ಟು ಪ್ರತಿ ದಿನ.

"ಅಜ್ಜಿಯನ್ನೇ ಅಲ್ಲಿಗೆ ಕರಕ್ಕೊಂಡು ಹೋಪಲಾಗದೋ?" ಹೇಳಿ ಕೇಳುಗು. ನೋಡಿಗೊಂಡು ಹೋಪಲೆ ಕೊಡುವ ವೀಸಾಲ್ಲಿ 180 ದಿನಲ್ಲಿ ಹೆಚ್ಚು ಹೇಳಿರೆ 90 ದಿನ ಇಪ್ಪಲಕ್ಕು. ಅಷ್ಟು ದಿನ ತೋಟ, ಹಟ್ಟಿ ಬಿಟ್ಟಿಕ್ಕಿ ಬಪ್ಪದೇ ಕಷ್ಟ. ಬಂದರೂ ಮತ್ತೆ ವರ್ಷ ಇಡೀ ಇಪ್ಪದು ಫೋನೇ. ದಿನಾಗುಳೂ ಮಾತಾಡಿದ ಅಜ್ಜಿ ವಿಮಾನಂದ ಇಳುದರೆ ಮಗು ಮಡಿಲಿಂಗೆ ಬಕ್ಕು. ಇಲ್ಲದ್ರೆ ಸುರುವಾಣ ಹದಿನೈದು ದಿನ ಗುರ್ತ ಹಿಡಿವಲೇ ಬೇಕು.

ಇಲ್ಲಿಪ್ಪ ಅಬ್ಬೆಯಕ್ಕೊಗೂ ಒಂದು ಮಾತು. ಹೆರ ನಾಲ್ಕು ಜನರ ಎದುರು ನಾಚಿಕೆ ಆವ್ತು ಹೇಳಿ ಮಗುವಿನ ಹತ್ತರೆ ಭಾಷೆ ಬದಲ್ಸುಲಾಗ. ಅಜ್ಜಿಗೆ ಕೇಳುವ ನವಗೂ ಅದೇ ನಿಯಮ. ಮನೆಯವರ ಭಾಷೆ ಬೇರೆ ಆದರೆ ಅವು ಅವರದ್ದು ಮಾತಾಡಲಿ, ನಿಂಗೊ ನಿಂಗಳದ್ದು ಮಾತಾಡಿ.

ನಮ್ಮ ಭಾಷೆಲಿ ಒಂದು ಚೆಂದ ಇದ್ದು, ನಿಂಗೊ ಗಮನಿಸಿದ್ದಿರೋ ಇಲ್ಲೆಯೋ. ಕೇಳುವವರ ಸೇರ್ಸಿ ಹೇಳುವಗ "ನಾವು", ಬಿಟ್ಟಿಕ್ಕಿ ಹೇಳುವಗ "ಎಂಗೊ". ತುಳುವಿಲಿ, ಮಲಯಾಳಲ್ಲಿ ಈ ಭೇದ ಇದ್ದು. ಇಂಗ್ಲೀಷಿಲಿ ಇಲ್ಲೆ, ಜರ್ಮನಿಲಿ ಇಲ್ಲೆ, ಪುಸ್ತಕದ ಕನ್ನಡಲ್ಲಿಯೂ ಇಲ್ಲೆ. ಎಂಗಳ ಕೂಸು ಫೋನಿಲಿ ಅಜ್ಜಿಗೆ "ಎಂಗೊ ಪಾರ್ಕಿಂಗೆ ಹೋದೆಯೊ°" ಹೇಳ್ತು. ಅದು ಸರಿಯೇ, ಅಜ್ಜಿ ಅಲ್ಲಿ ಇತ್ತಿಲ್ಲೆ. ಆದರೆ "ನಾವು ಉಂಬ°" ಹೇಳಿ ಅಜ್ಜಿಯನ್ನೂ ಸೇರ್ಸಿಗೊಂಬ ಮಾತು ಅದರ ಬಾಯಿಲಿ ಬರೆಕ್ಕಾರೆ ಅಜ್ಜಿ ಅದರ ದಿನಲ್ಲಿ ಇರೆಕ್ಕು, ಅಜ್ಜಿಯ ಭಾಷೆಲೇ ಇರೆಕ್ಕು. ಈ ಎರಡು ಶಬ್ದದ ವ್ಯತ್ಯಾಸ ಗೊಂತಿಪ್ಪ ಮಗು ನಾಳೆ ಊರಿಂಗೆ ಬಂದರೆ ಜಗಲಿಲಿ ನೆಂಟರ ಹಾಂಗೆ ಕೂರ.

ಹಾಂಗಾಗಿ ಫೋನು ಬಪ್ಪಗ ಸೀರೆ ಸರಿ ಮಾಡಿಗೊಂಡು, ಇಂಗ್ಲೀಷು ನೆಂಪು ಮಾಡಿಗೊಂಡು ಕೂರೆಡಿ. ಕೈಲಿಪ್ಪ ಕೆಲಸ ಕೈಲೇ ಇರಲಿ, ಬಾಯಿಲಿಪ್ಪ ಭಾಷೆ ಬಾಯಿಲೇ ಇರಲಿ. ನಿಂಗಳ ಪುಳ್ಳಿಯಕ್ಕೊ ದೂರಲ್ಲಿದ್ದರೆ ನಿಂಗೊ ಹೇಂಗೆ ಮಾತಾಡ್ತಿ, ಎಂತ ಉಪಾಯ ಮಾಡಿದ್ದಿ ಹೇಳಿ ಎನಗೂ ತಿಳುಶಿ.